ಮದುವೆ ಊಟಕ್ಕೆ ಊರಿನದೇ ಸ್ಟೀಲ್ ತಟ್ಟೆ: ಕೊಡಗಿನಲ್ಲಿ ಬೇರೆ ಕಡೆ ಯಾರಾದರೂ ಮಾಡಿದ್ದೀರಾ?

ತೋಡಿನ ದಡ · ಫೆಬ್ರವರಿ, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮದು ಮಡಿಕೇರಿ ತಾಲ್ಲೂಕಿನ ಸಣ್ಣ ಊರು. ನಾಲ್ಕು ಎಕರೆ ಕಾಫಿ, ಒಂದಿಷ್ಟು ಕರಿಮೆಣಸು. ತೋಟದ ಕೆಳಗೆ ಒಂದು ತೋಡು ಹರಿಯುತ್ತದೆ, ಮುಂದೆ ಹೋಗಿ ಕಾವೇರಿ ಸೇರುತ್ತದೆ. ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ರಸ್ತೆ ಮೋರಿಯ ಬಾಯಿ ಬಿಡಿಸುವುದು ನಮ್ಮ ಕಡೆಯ ನಾಲ್ಕು ಮನೆಯವರ ಕೆಲಸ. ಮೋರಿ ಕಟ್ಟಿಕೊಂಡರೆ ನೀರು ರಸ್ತೆಗೆ ನುಗ್ಗುತ್ತದೆ, ಪಕ್ಕದ ಗುಡ್ಡದ ಬರೆ ನೆನೆದು ಕುಸಿಯುತ್ತದೆ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಹಾಗೇ ಬಿಡಿಸಲು ಹೋದಾಗ ಗುದ್ದಲಿ ಒಳಗೆ ಇಳಿಯಲೇ ಇಲ್ಲ. ಬೆಳ್ಳಿ ಬಣ್ಣದ ಪೇಪರ್ ತಟ್ಟೆಗಳು ಒಂದರ ಮೇಲೊಂದು ಕೂತು, ನಡುವೆ ಮಣ್ಣು ಸೇರಿ, ಹಲಗೆಯ ಹಾಗೆ ಗಟ್ಟಿಯಾಗಿದ್ದವು. ಕೈ ಹಾಕಿ ಎಳೆದೆ, ಒಂದು ಕಟ್ಟು ಬಂತು. ಅದರೊಳಗೆ ಅರ್ಧ ಕರಗಿದ ಲಗ್ನಪತ್ರಿಕೆ. ಹೆಸರು ಓದಬಹುದಿತ್ತು. ಆ ಮದುವೆಗೆ ನಾನೂ ಹೋಗಿದ್ದೆ. ಅಂಥದ್ದೇ ತಟ್ಟೆಯಲ್ಲಿ ಉಂಡು, ಅಲ್ಲೇ ಇದ್ದ ಡಬ್ಬಕ್ಕೆ ಹಾಕಿ ಬಂದಿದ್ದೆ. ಆ ದಿನ ಮನೆಗೆ ಬಂದ ಮೇಲೆ ಯಾರ ಜೊತೆಯೂ ಮಾತಾಡಲು ಮನಸ್ಸಾಗಲಿಲ್ಲ.

ಆಮೇಲೆ ಸ್ವಸಹಾಯ ಸಂಘದ ಹೆಂಗಸರು, ಯುವಕ ಸಂಘದ ಹುಡುಗರು ಸೇರಿ ಮಾತಾಡಿದೆವು. ಮನೆಗೆ ಇಷ್ಟು ಅಂತ ಹಾಕಿ 300 ತಟ್ಟೆ, 350 ಲೋಟ, 20 ಜಗ್ಗು, ಬಡಿಸುವ ಬಕೆಟ್ಟು ಸೌಟು ತಂದೆವು. ಪಾತ್ರೆ ಅಂಗಡಿಯಲ್ಲೇ ಎಲ್ಲದರ ಮೇಲೂ ಊರಿನ ಹೆಸರು ಕೊರೆಸಿದೆವು. ದೇವಸ್ಥಾನದ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇವೆ. ಮದುವೆ, ನಾಮಕರಣ, ತಿಥಿ, ಯಾವುದಕ್ಕೆ ಬೇಕಾದರೂ ಕೊಡುತ್ತೇವೆ. ಬಾಡಿಗೆ ಇಲ್ಲ. 1,000 ರೂಪಾಯಿ ಮುಂಗಡ, ಪಾತ್ರೆ ವಾಪಸ್ ಬಂದಾಗ ಹಣವೂ ವಾಪಸ್. ಕಳೆದುಹೋದ ಲೋಟಕ್ಕೆ ಮಾತ್ರ ದುಡ್ಡು.

ಈಗ ಕಷ್ಟ ಹೇಳುತ್ತೇನೆ. ಮೊದಲ ಮೂರು ಕಾರ್ಯಕ್ರಮದಲ್ಲಿ ತಟ್ಟೆ ತೊಳೆದವರು ನಾವು ಆರೇಳು ಹೆಂಗಸರೇ. ಮೂರನೆಯ ಮದುವೆಯ ದಿನ ರಾತ್ರಿ ಹನ್ನೊಂದಾದರೂ ತೊಳೆಯುತ್ತಾ ಇದ್ದೆವು. ಗಂಡಸರು ಬಂದು "ಒಳ್ಳೆ ಕೆಲಸ ಮಾಡುತ್ತಿದ್ದೀರಿ" ಅಂತ ಹೇಳಿ ಹೋದರು. ಅವತ್ತೇ ತೀರ್ಮಾನ ಮಾಡಿದೆವು, ತೊಳೆಯುವವರು ಯಾರು ಅಂತ ಹೇಳದೆ ತಟ್ಟೆ ಹೊರಗೆ ಹೋಗುವುದಿಲ್ಲ. ಮನೆಯವರ ಕಡೆಯಿಂದ ಇಬ್ಬರು, ಸಂಬಳಕ್ಕೆ ಇಬ್ಬರು. ಸಂಬಳ ತೋಟದ ದಿನಗೂಲಿಗಿಂತ ಕಡಿಮೆ ಇರಬಾರದು.

ನನ್ನ ಪ್ರಶ್ನೆಗಳು ಇಷ್ಟು. ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವಾಗ ತೊಳೆಯಲು ನೀರು ಹೇಗೆ ಹೊಂದಿಸುವುದು? ಮಳೆಗಾಲ ಕಳೆದು ತೆಗೆದರೆ ತಟ್ಟೆ ಮೇಲೆ ಕಪ್ಪು ಚುಕ್ಕೆ, ಒಂಥರಾ ಮುಗ್ಗಲು ವಾಸನೆ, ಅದಕ್ಕೇನು ಮಾಡುವುದು? ಉಳಿದ ಅನ್ನ ಸಾರು ಎಲ್ಲಿಗೆ? ಅನುಭವ ಇದ್ದವರು ಹೇಳಿ.

ಸುಂಟಿಕೊಪ್ಪದವಳು · ಭಾನುವಾರ ರಾತ್ರಿ

ಅಕ್ಕ, ಓದಿ ತುಂಬಾ ಖುಷಿಯಾಯಿತು. ಒಂದು ಸಂಶಯ. ಬಾಳೆ ಎಲೆ ಇರುವಾಗ ಸ್ಟೀಲ್ ಯಾಕೆ? ತೊಳೆಯುವುದೇ ಬೇಡ, ಹಸುವಿಗೆ ಹಾಕಬಹುದು ಅಲ್ವಾ?

ತೋಡಿನ ದಡ · ಸೋಮವಾರ ಬೆಳಗ್ಗೆ

ಕೂತು ಉಣ್ಣುವ ಪಂಕ್ತಿಗೆ ಎಲೆಯೇ ಒಳ್ಳೆಯದು, ಎಲೆ ಇರುವ ಮನೆಯವರಿಗೆ ನಾವು ತಟ್ಟೆ ತಗೊಳ್ಳಿ ಅಂತ ಹೇಳುವುದೂ ಇಲ್ಲ. ಆದರೆ ಈಗ ಹೆಚ್ಚಿನ ಕಡೆ ನಿಂತು ಉಣ್ಣುವ ಊಟ. ಎಲೆ ಹಿಡಿದುಕೊಂಡು ನಿಲ್ಲಲು ಆಗುವುದಿಲ್ಲ. ಮುಹೂರ್ತ ಜಾಸ್ತಿ ಇರುವ ದಿನ ಎಲೆ ಸಿಗುವುದೂ ಕಷ್ಟ. ಸಂಪಾಜೆ, ಪೆರಾಜೆ ಕಡೆಯವರಿಗೆ ಅಡಿಕೆ ಹಾಳೆ ತಟ್ಟೆ ಹತ್ತಿರದಲ್ಲೇ ಸಿಗುತ್ತದೆ, ನಮಗೆ ಅದೂ ಇಲ್ಲ.

ಗೋಣಿಕೊಪ್ಪ ಅಡುಗೆಮನೆ · ಸೋಮವಾರ ಮಧ್ಯಾಹ್ನ

ನಾನು ಇಪ್ಪತ್ತು ವರ್ಷದಿಂದ ಮದುವೆ ಅಡುಗೆ ಮಾಡಿಸುತ್ತಿದ್ದೇನೆ. ತೊಳೆಯುವ ವಿಷಯ ನನಗೆ ಬಿಡಿ, ಬಿಡಿಸಿ ಹೇಳುತ್ತೇನೆ.

ನಲ್ಲಿ ಬಿಟ್ಟುಕೊಂಡು ತೊಳೆದರೆ 300 ತಟ್ಟೆಗೆ ಸಾವಿರ ಲೀಟರ್ ಟ್ಯಾಂಕು ಖಾಲಿಯಾಗುತ್ತದೆ. ಬಾನಿಯಲ್ಲಿ ತೊಳೆದರೆ ಅದರ ಕಾಲು ಭಾಗ ಸಾಕು. ಮೂರು ದೊಡ್ಡ ಬಾನಿ ಸಾಲಾಗಿ ಇಡಿ. ಮೊದಲನೆಯದರಲ್ಲಿ ಬಿಸಿ ನೀರು, ಎರಡನೆಯದರಲ್ಲಿ ಸೋಪಿನ ನೀರು, ಮೂರನೆಯದರಲ್ಲಿ ಬರೀ ಒಳ್ಳೆ ನೀರು. ಮೂರನೆಯದು ಮಸುಕಾದರೆ ಚೆಲ್ಲಬೇಡಿ, ಅದನ್ನೇ ಮೊದಲನೆಯದಕ್ಕೆ ಸುರಿದು ಕಾಯಿಸಿ.

ಬಿಸಿ ನೀರು ಯಾಕೆ ಅಂದರೆ ನಮ್ಮ ಕಡೆ ಪಂದಿ ಕರಿ ಇಲ್ಲದ ಮದುವೆ ಕಡಿಮೆ. ಹಂದಿ ಕೊಬ್ಬಿಗೆ ತಣ್ಣೀರು ಬಿದ್ದರೆ ಮೇಣದ ಹಾಗೆ ತಟ್ಟೆಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಬೆರಳು ಜಾರುತ್ತದೆ. ಅಡುಗೆ ಒಲೆಯ ಬೂದಿ ಜರಡಿ ಹಿಡಿದು ಇಟ್ಟುಕೊಳ್ಳಿ. ಒದ್ದೆ ತೆಂಗಿನ ನಾರಿಗೆ ಬೂದಿ ಹಚ್ಚಿ ಒಂದು ಸುತ್ತು ಎಳೆದರೆ ಜಿಡ್ಡು ಬಿಡುತ್ತದೆ. ಬೂದಿಯ ಕ್ಷಾರ ಕೊಬ್ಬಿಗೆ ಸೇರಿದರೆ ಅದೇ ಸೋಪಿನ ಕೆಲಸ ಮಾಡುತ್ತದೆ. ನಮ್ಮ ಅಜ್ಜಿಯರು ಸುಮ್ನೆ ಬೂದಿ ಇಟ್ಟುಕೊಂಡಿರಲಿಲ್ಲ.

ಇದೆಲ್ಲಕ್ಕಿಂತ ಮುಂಚೆ ಒಂದು ಕೆಲಸ ಇದೆ. ಕೈ ತೊಳೆಯುವ ಜಾಗಕ್ಕಿಂತ ಮೊದಲು ಒಂದು ಡ್ರಮ್ಮು ಇಟ್ಟು, ಪಕ್ಕದಲ್ಲಿ ಒಬ್ಬರು ನಿಲ್ಲಬೇಕು. ಉಂಡವರೇ ತಟ್ಟೆಯಲ್ಲಿ ಉಳಿದಿದ್ದನ್ನು ಡ್ರಮ್ಮಿಗೆ ಒರೆಸಿ ಹಾಕಿ ತಟ್ಟೆ ಕೊಡಬೇಕು. ಮೊದಲ ಹತ್ತು ಜನರಿಗೆ ಹೇಳಿದರೆ ಸಾಕು, ಉಳಿದವರು ನೋಡಿಯೇ ಮಾಡುತ್ತಾರೆ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕಪ್ಪು ಚುಕ್ಕೆಗೆ ಎರಡು ಕಾರಣ ಇರಬಹುದು. ಒದ್ದೆ ಇರುವಾಗಲೇ ಒಂದರೊಳಗೊಂದು ಜೋಡಿಸಿರುತ್ತೀರಿ. ಇಲ್ಲವಾದರೆ ಯಾರೋ ಬ್ಲೀಚಿಂಗ್ ಪುಡಿ ಹಾಕಿ ತೊಳೆದಿರುತ್ತಾರೆ. ಕ್ಲೋರಿನ್ ಸ್ಟೀಲನ್ನೂ ತಿನ್ನುತ್ತದೆ, ಸಣ್ಣ ಸಣ್ಣ ಗುಳಿ ಬೀಳುತ್ತದೆ. ಬಿಸಿಲಿಗೆ ಒಣಗಿಸಿ, ಬಟ್ಟೆಯಲ್ಲಿ ಒರೆಸಿ, ಗೋಣಿ ಚೀಲದಲ್ಲಿ ಅಡ್ಡ ನಿಲ್ಲಿಸಿ ಇಡಿ. ಮಳೆಗಾಲದಲ್ಲಿ ಅಟ್ಟದ ಮೇಲೆ, ಒಲೆಯ ಶಾಖ ಮುಟ್ಟುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆ ಸ್ಟೀಲ್ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅದನ್ನು ನಂಬಬೇಡಿ. 304 ದರ್ಜೆಯ ಸ್ಟೀಲೂ ಹಿಡಿಯುವುದಿಲ್ಲ, ಅಗ್ಗದ 202 ಕೂಡ ಹಿಡಿಯುವುದಿಲ್ಲ. ನಮ್ಮ ಹವಾಮಾನಕ್ಕೆ ಬಾಳಿಕೆ ಬರುವುದು 304. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ತೋಡಿನ ದಡ · ಸೋಮವಾರ ರಾತ್ರಿ

ಅಣ್ಣ, ಕೈ ಮುಗಿಯುತ್ತೇನೆ. ನಾವು ಬ್ಲೀಚಿಂಗ್ ಪುಡಿ ಹಾಕಿದ್ದು ನಿಜ. ಕೀಟಾಣು ಹೋಗಲಿ ಅಂತ ನಾನೇ ಹೇಳಿ ಹಾಕಿಸಿದ್ದೆ.

ಮಳೆ ಡೈರಿ · ಮಂಗಳವಾರ ಬೆಳಗ್ಗೆ

ನೀರಿನ ಬಗ್ಗೆ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಮಳೆ ಅಳತೆ ಬರೆದಿಡುತ್ತಿದ್ದೇವೆ. ಹೊರಗಿನವರು ಮಿಲಿಮೀಟರ್ ಅನ್ನುತ್ತಾರೆ, ಕೊಡಗಿನಲ್ಲಿ ನಮಗೆ ಇಂಚು, ಸೆಂಟೇ ಬಾಯಿಗೆ ಬರುವುದು. ನೂರು ಸೆಂಟಿಗೆ ಒಂದು ಇಂಚು.

ಸಾವಿರ ಚದರಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಏಪ್ರಿಲ್‌ನಲ್ಲಿ ಕಾಫಿಗೆ ಅಂತ ಕಾಯುತ್ತೇವಲ್ಲ, ಅಂಥ ಒಂದು ಗುಡುಗು ಮಳೆ 80 ಸೆಂಟು ಬಂತು ಅಂತಿಟ್ಟುಕೊಳ್ಳಿ. ಸೋರಿ ಹೋದದ್ದು, ಮೊದಲ ಕೊಳೆ ನೀರು ಎಲ್ಲ ಕಳೆದರೂ ಸಾವಿರದೈನೂರು ಲೀಟರ್ ಸಿಗುತ್ತದೆ. ಮೇಲಿನ ಅಣ್ಣ ಹೇಳಿದ ಬಾನಿ ಲೆಕ್ಕದಲ್ಲಿ ಐದಾರು ಕಾರ್ಯಕ್ರಮಕ್ಕೆ ಸಾಕು. ನಿಮ್ಮ ದೇವಸ್ಥಾನದ ಕೋಣೆಗೆ ಶೀಟ್ ಸೂರು ಇದ್ದರೆ ಒಂದು ಬದಿಗೆ ನೀರು ಹರಿಯುವ ದೋಣಿ ಕಟ್ಟಿ, ಒಂದು ಟ್ಯಾಂಕು ಇಡಿ. ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಡಿ. ಎಲೆ, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಹೋಗುತ್ತದೆ. ಕೊನೆಯ ಬಾನಿಗೆ ಮಾತ್ರ ಬಾವಿ ನೀರು ಬಳಸಿ.

ತೊಳೆದ ನೀರು ತೋಡಿಗೆ ಬಿಡಬೇಡಿ. ಪಕ್ಕದ ತೋಟದಲ್ಲಿ ತೊಟ್ಟಿಲು ಗುಂಡಿ ಇದ್ದೇ ಇರುತ್ತದೆ, ಅದಕ್ಕೆ ತಿರುಗಿಸಿ. ಇಳಿಜಾರಿನಲ್ಲಿ ಮಣ್ಣು ಕೊಚ್ಚಿ ಹೋಗದಿರಲಿ, ನೀರು ಅಲ್ಲೇ ಇಂಗಲಿ ಅಂತ ಕಾಫಿ ಸಾಲಿನ ನಡುವೆ ಹಿರಿಯರು ತೋಡಿಸಿದ ಗುಂಡಿ ಅವು. ಈಗ ಎಷ್ಟೋ ತೋಟದಲ್ಲಿ ಕೂಲಿ ಸಿಗದೆ ಮುಚ್ಚಿ ಹೋಗಿವೆ. ನಾನು ವರ್ಷಕ್ಕೆ ಇಪ್ಪತ್ತು ಗುಂಡಿ ಬಿಡಿಸಿಕೊಂಡು ಬರುತ್ತಿದ್ದೇನೆ. ವಯಸ್ಸಾಯಿತು, ಅಷ್ಟೇ ಆಗುತ್ತದೆ.

ಶನಿವಾರಸಂತೆ ರೈತ · ಮಂಗಳವಾರ ಸಂಜೆ

ಉಳಿದ ಊಟ ನನಗೆ ಕೊಡಿ ಅಂತ ನಮ್ಮ ಕಡೆಯ ಮಂಟಪದವರಿಗೆ ಹೇಳಿಟ್ಟಿದ್ದೇನೆ. ಹನ್ನೆರಡು ಹಂದಿ ಸಾಕಿದ್ದೇನೆ. ಡ್ರಮ್ಮಿಗೆ ಪೇಪರ್ ಲೋಟ, ಚಮಚ, ನೀರಿನ ಬಾಟಲಿ ಮುಚ್ಚಳ ಬಿದ್ದಿದ್ದರೆ ಆರಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಸ್ಟೀಲ್ ಆದರೆ ಡ್ರಮ್ಮಿನಲ್ಲಿ ಬರೀ ಊಟ ಇರುತ್ತದೆ. ನಿಮ್ಮ ಊರು ಹತ್ತಿರ ಇದ್ದಿದ್ದರೆ ನಾನೇ ಬಂದು ತಗೊಂಡು ಹೋಗುತ್ತಿದ್ದೆ.

ನಿವೃತ್ತ ಪಶು ಪರೀಕ್ಷಕ · ಮಂಗಳವಾರ ರಾತ್ರಿ

ರೈತರೇ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಎಚ್ಚರಿಕೆ ಹೇಳಲೇಬೇಕು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ನಮ್ಮ ದೇಶಕ್ಕೆ ಬಂತು. ಮನುಷ್ಯರಿಗೆ ಅದು ಹರಡುವುದಿಲ್ಲ. ಹಂದಿಗೆ ಬಂದರೆ ಮದ್ದಿಲ್ಲ, ಇಡೀ ದೊಡ್ಡಿ ಖಾಲಿಯಾಗುತ್ತದೆ. ಹಂದಿ ಮಾಂಸದ ಎಂಜಲಿನಿಂದಲೂ ಅದು ಹಬ್ಬುತ್ತದೆ. ಆದ್ದರಿಂದ ಡ್ರಮ್ಮು ಎರಡು ಇಡಿಸಿ. ಅನ್ನ, ಪಲ್ಯ, ಸಾರು ಒಂದಕ್ಕೆ, ಮಾಂಸ ಮೂಳೆ ಇನ್ನೊಂದಕ್ಕೆ. ಮಾಂಸದ್ದನ್ನು ಹಂದಿಗೆ ಹಾಕಲೇಬೇಡಿ, ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ನಾಯಿ, ಕಾಡುಹಂದಿ ಕೆದಕದ ಹಾಗೆ ಮೇಲೆ ಕಲ್ಲು ಹೇರಿ. ಉಳಿದದ್ದನ್ನು ಕುದಿ ಬಂದ ಮೇಲೆ ಅರ್ಧ ಗಂಟೆ ಕುದಿಸಿ, ಆರಿಸಿ ಕೊಡಿ.

ಶನಿವಾರಸಂತೆ ರೈತ · ಮಂಗಳವಾರ ರಾತ್ರಿ

ಕುದಿಸುತ್ತೇನೆ ಸರ್, ಆದರೆ ಮಾಂಸದ್ದು ಬೇರೆ ಮಾಡುತ್ತಿರಲಿಲ್ಲ. ಇನ್ನು ಮಾಡುತ್ತೇನೆ. ಹೇಳಿದ್ದು ಒಳ್ಳೆಯದಾಯಿತು.

ಘಾಟಿ ದಾರಿ · ಬುಧವಾರ ಬೆಳಗ್ಗೆ

ನಿಮ್ಮ ಕೆಲಸಕ್ಕೆ ಗೌರವ ಇದೆ. ಆದರೂ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ. ಮಂಡಲಪಟ್ಟಿ ದಾರಿಯಲ್ಲೋ ಅಬ್ಬಿ ಜಲಪಾತದ ರಸ್ತೆಯಲ್ಲೋ ಒಂದು ಶನಿವಾರ ಭಾನುವಾರ ಹೋಗಿ ನೋಡಿ. ಎರಡು ದಿನದಲ್ಲಿ ಬೀಳುವ ಬಾಟಲಿ ನಿಮ್ಮ ಊರಿನ ಒಂದು ವರ್ಷದ ತಟ್ಟೆಗಿಂತ ಜಾಸ್ತಿ. ಪ್ಲಾಸ್ಟಿಕ್ ತಟ್ಟೆ ಲೋಟ ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ನಿಷೇಧ ಆಯಿತು. ಮತ್ತೆ 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ ಬಂತು. ಅಂಗಡಿಯಲ್ಲಿ ಈಗಲೂ ಸಿಗುತ್ತದೆ. ನೀರಿನ ಬಾಟಲಿ ಆ 2022ರ ಪಟ್ಟಿಯಲ್ಲೇ ಇರಲಿಲ್ಲ. ಕಾನೂನು ಬಿಗಿ ಮಾಡದೆ ನಾಲ್ಕು ಮನೆಯವರು ತಟ್ಟೆ ತೊಳೆದರೆ ಆಗುತ್ತದಾ?

ನಾಪೋಕ್ಲು ಟೀಚರ್ · ಬುಧವಾರ ಮಧ್ಯಾಹ್ನ

ಕಾನೂನು ಬೇಕು, ಒಪ್ಪುತ್ತೇನೆ. ಆದರೆ ಇರುವ ಕಾನೂನನ್ನು ಕೈಗೆ ತೆಗೆದುಕೊಳ್ಳುವವರೂ ಬೇಕಲ್ಲ. 2016ರ ಘನತ್ಯಾಜ್ಯ ನಿಯಮದಲ್ಲೇ ಇದು ಬಂದಿತ್ತು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮಕ್ಕೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಅಲ್ಲೇ ಬೇರೆ ಮಾಡಬೇಕು ಅಂತ. ನಮ್ಮಲ್ಲಿ ಎಷ್ಟು ಮನೆಯವರು ತಿಳಿಸಿದ್ದೇವೆ? ತಟ್ಟೆ ಕೊಡುವಾಗಲೇ ಒಂದು ಚೀಟಿ ಬರೆಸಿ ಪಂಚಾಯಿತಿಗೆ ಕೊಡುವ ಅಭ್ಯಾಸ ಮಾಡಿದರೆ ಅದೇ ದಾಖಲೆ ಆಗುತ್ತದೆ. ಆಮೇಲೆ ನಾವು ಪಂಚಾಯಿತಿಯನ್ನು ಕೇಳಲು ಬಾಯಿ ಇರುತ್ತದೆ.

ಪೇಪರ್ ಲೋಟದ ಬಗ್ಗೆಯೂ ಹೇಳಿಬಿಡುತ್ತೇನೆ. ಕಾಗದ ಅಲ್ವಾ ಅಂತ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಅದರ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಐಐಟಿ ಖರಗ್‌ಪುರದವರು 2020ರಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ನೂರು ಮಿಲಿಲೀಟರ್ ಬಿಸಿ ನೀರು ಹದಿನೈದು ನಿಮಿಷ ಆ ಲೋಟದಲ್ಲಿ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆ. ನಮ್ಮ ಮಕ್ಕಳಿಗೆ ಒಂದು ಪೇಪರ್ ಲೋಟ ನೆನೆಸಿ, ಕಾಗದ ಉಜ್ಜಿ ತೆಗೆದು, ಉಳಿದ ಹಾಳೆಯನ್ನು ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದವು. ಮನೆಗೆ ಹೋಗಿ ಹೇಳಿದವು. ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿ ಮಗು ಮನೆಯಿಂದ ಲೋಟ ತಂದಿತು.

ಸುಂಟಿಕೊಪ್ಪದವಳು · ಬುಧವಾರ ರಾತ್ರಿ

ಬೆಂಗಳೂರಿನಲ್ಲಿ ಅದಮ್ಯ ಚೇತನ ಅನ್ನುವ ಸಂಸ್ಥೆಯವರು ಹೀಗೇ ಸ್ಟೀಲ್ ತಟ್ಟೆ ಲೋಟದ ಬ್ಯಾಂಕ್ ನಡೆಸುತ್ತಾರೆ. ಅಷ್ಟು ದೊಡ್ಡ ಊರಲ್ಲಿ ಆಗುವುದಾದರೆ ನಮ್ಮಲ್ಲಿ ಇನ್ನೂ ಸುಲಭ ಆಗಬೇಕು. ನಮ್ಮಲ್ಲಿ ಊರುಕೂಡುವ ದಿನ ಅಂತ ಇದೆಯಲ್ಲ, ಮದುವೆಯ ಹಿಂದಿನ ದಿನ ಊರಿನವರೆಲ್ಲ ಬಂದು ತರಕಾರಿ ಹೆಚ್ಚಿ, ಚಪ್ಪರ ನೋಡಿಕೊಳ್ಳುತ್ತಿದ್ದರು. ಮಾರನೆಯ ದಿನದ ಪಾತ್ರೆ ಯಾರು ನೋಡುತ್ತಾರೆ ಅಂತ ಅವತ್ತೇ ಹಂಚಿಕೊಳ್ಳಬಹುದು.

ಲೈನ್ ಮನೆಯವನು · ಗುರುವಾರ ರಾತ್ರಿ

ನಾನು ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಕ್ಷಮಿಸಿ.

ಅಕ್ಕ, ನೀವು ಸಂಬಳಕ್ಕೆ ಇಬ್ಬರು ಅಂತ ಬರೆದಿದ್ದೀರಲ್ಲ, ಆ ಇಬ್ಬರು ಹೆಚ್ಚಾಗಿ ನಮ್ಮ ಅಮ್ಮಂದಿರೇ. ಮಂಟಪದಲ್ಲಿ ಪಾತ್ರೆ ತೊಳೆಯಲು ಕರೆಯುವುದು ಲೈನಿನಿಂದಲೇ, ಅಂದರೆ ತೋಟದ ಕೆಲಸದವರ ಸಾಲು ಮನೆಗಳಿಂದ. ಹಿಂದೆ ಊಟ ಕೊಟ್ಟು, ಕೈಗೆ ಒಂದಿಷ್ಟು ಹಾಕಿ ಕಳಿಸುತ್ತಿದ್ದರು. ದಿನಗೂಲಿ ಲೆಕ್ಕದಲ್ಲಿ ಕೊಡಬೇಕು ಅಂತ ನೀವು ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.

ಇನ್ನೊಂದು ವಿಷಯ. ನಮ್ಮ ಲೈನಿನಲ್ಲಿ ಹದಿನಾಲ್ಕು ಮನೆ. ಟಾರ್ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಕಸದ ಗಾಡಿ ಗೇಟಿನವರೆಗೂ ಬರುವುದಿಲ್ಲ, ಇದು ತೋಟದ ಒಳಗಿನದ್ದು ಅನ್ನುತ್ತಾರೆ. ತೋಟದವರನ್ನು ಕೇಳಿದರೆ ಪಂಚಾಯಿತಿ ಕೆಲಸ ಅನ್ನುತ್ತಾರೆ. ಹಾಗಾಗಿ ನಾವು ಸುಡುತ್ತೇವೆ. ಎಣ್ಣೆ ಪ್ಯಾಕೆಟ್, ಚಿಪ್ಸ್ ಕವರ್, ಮಗುವಿನ ಡೈಪರ್, ಎಲ್ಲ ಒಂದೇ ಬೆಂಕಿಗೆ. ಮಳೆಗಾಲದಲ್ಲಿ ಅದು ಉರಿಯುವುದೂ ಇಲ್ಲ, ಬರೀ ಹೊಗೆ. ಅಮ್ಮನಿಗೆ ಕೆಮ್ಮು ಹಿಡಿದರೆ ಬಿಡುವುದೇ ಇಲ್ಲ. ಕ್ಲೀನಿಂಗ್ ಮಾಡುವವರು ವರ್ಷಕ್ಕೊಮ್ಮೆ ರಸ್ತೆ ಬದಿಗೆ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಒಳಗೆ ಯಾರೂ ಬಂದಿಲ್ಲ. ತಪ್ಪು ಅಂತ ಹೇಳುತ್ತಿಲ್ಲ, ಇರುವುದನ್ನು ಹೇಳಿದೆ.

ನಮ್ಮ ತಂಗಿಯ ಮದುವೆ ಏಪ್ರಿಲ್‌ನಲ್ಲಿ, ಲೈನಿನ ಮುಂದೆ ಕಾಫಿ ಒಣಗಿಸುವ ಕಣದಲ್ಲೇ. ನಮಗೂ ತಟ್ಟೆ ಕೊಡುತ್ತೀರಾ? ನಾವು ನಿಮ್ಮ ಪಂಚಾಯಿತಿಯವರೇ. ಮುಂಗಡ 1,000 ಆ ಸಮಯದಲ್ಲಿ ಹೊಂದಿಸುವುದು ಕಷ್ಟ.

ತೋಡಿನ ದಡ · ಶುಕ್ರವಾರ ಬೆಳಗ್ಗೆ

ತಮ್ಮಾ, ರಾತ್ರಿಯೇ ಓದಿದೆ. ತಕ್ಷಣ ಬರೆಯಲು ಆಗಲಿಲ್ಲ.

ತಟ್ಟೆ ಖಂಡಿತ ಕೊಡುತ್ತೇವೆ. ಮುಂಗಡದ ನಿಯಮ ಬರೆದಾಗ ನಮ್ಮ ಕಣ್ಣ ಮುಂದೆ ಇದ್ದದ್ದು ನಮ್ಮಂಥ ಮನೆಗಳೇ. ನಿನ್ನಂಥವರು ಕೇಳಿದರೆ ಏನು ಅಂತ ಒಬ್ಬರೂ ಯೋಚಿಸಿರಲಿಲ್ಲ. ಭಾನುವಾರದ ಸಭೆಯಲ್ಲಿ ಮಾತಾಡುತ್ತೇನೆ. ದುಡ್ಡಿನ ಬದಲು ಊರಿನ ಯಾರಾದರೂ ಒಬ್ಬರು ಪುಸ್ತಕದಲ್ಲಿ ಸಹಿ ಹಾಕಿದರೆ ಸಾಕು ಅಂತ ಮಾಡೋಣ ಅಂತ ನನ್ನ ಅಭಿಪ್ರಾಯ. ಮೊದಲ ಸಹಿ ನಾನು ಹಾಕುತ್ತೇನೆ. ನಿಮ್ಮ ಮನೆ ಮದುವೆಯಲ್ಲಿ ನಿಮ್ಮ ಅಮ್ಮ ತಟ್ಟೆ ತೊಳೆಯುವುದು ಬೇಡ. ಅವತ್ತು ನಾವು ಬರುತ್ತೇವೆ.

ಗಾಡಿ ವಿಷಯ ನನಗೆ ಗೊತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಗಾಡಿ ಅಕ್ಕ · ಶುಕ್ರವಾರ ಸಂಜೆ

ನಾನು ಇನ್ನೊಂದು ಪಂಚಾಯಿತಿಯಲ್ಲಿ ಸ್ವಚ್ಛ ವಾಹಿನಿ, ಅಂದರೆ ಕಸದ ಗಾಡಿ, ಓಡಿಸುತ್ತೇನೆ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಿಂದ ಡ್ರೈವಿಂಗ್ ಕಲಿತು ಬಂದವಳು. ನಮ್ಮಲ್ಲೂ ಲೈನಿಗೆ ಗಾಡಿ ಹೋಗುತ್ತಿರಲಿಲ್ಲ. ಕಾರಣ ನಿಜವಾಗಿ ರಸ್ತೆಯೇ. ಮಳೆ ಬಂದರೆ ಸಣ್ಣ ಗಾಡಿ ಆ ಕೆಸರಿನಲ್ಲಿ ಹತ್ತುವುದಿಲ್ಲ. ನಾವು ಏನು ಮಾಡಿದೆವು ಅಂದರೆ, ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮಾತಾಡಿ ಗೇಟಿನ ಪಕ್ಕ ಒಂದು ಶೀಟಿನ ಮಾಡು (ಸೂರು) ಹಾಕಿಸಿದೆವು. ಮನೆಗೊಂದು ಗೋಣಿ ಚೀಲ. ಒಣ ಕಸ ಹದಿನೈದು ದಿನ ಇಟ್ಟರೂ ನಾರುವುದಿಲ್ಲ, ಒಣಗಿರಬೇಕು ಅಷ್ಟೇ. ಎರಡನೇ ಮತ್ತು ನಾಲ್ಕನೇ ಶನಿವಾರ ತೋಟದ ಟ್ರ್ಯಾಕ್ಟರ್ ಹೊರಗೆ ಬರುವಾಗ ಚೀಲ ತಂದು ಮಾಡಿನ ಕೆಳಗೆ ಇಡುತ್ತದೆ, ನಾನು ಎತ್ತಿಕೊಳ್ಳುತ್ತೇನೆ.

ಪಂಚಾಯಿತಿಗೆ ಬಾಯಿಮಾತಿನಲ್ಲಿ ಕೇಳಬೇಡಿ. ಹದಿನಾಲ್ಕು ಮನೆಯವರ ಸಹಿ ಹಾಕಿದ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ವಾರ್ಡ್ ಸಭೆಯಲ್ಲಿ ಓದಿಸಿ, ಗ್ರಾಮಸಭೆಯ ಪುಸ್ತಕದಲ್ಲಿ ಬರೆಸಿ.

ಇನ್ನು ಎಲ್ಲರಿಗೂ ಒಂದು ಕೋರಿಕೆ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ. ಸ್ವಲ್ಪ ಸೀಳಿ, ಆ ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಆ ಚೂರು ಬಿದ್ದರೆ ಯಾರ ಕೈಗೂ ಸಿಗುವುದಿಲ್ಲ, ತೋಡಿಗೇ ಹೋಗುತ್ತದೆ. ಪ್ಯಾಕೆಟ್ ತೊಳೆದು ಗೋಡೆಗೆ ಅಂಟಿಸಿದರೆ ಹತ್ತು ನಿಮಿಷದಲ್ಲಿ ಒಣಗುತ್ತದೆ. ಪ್ಯಾಡ್ ಮತ್ತು ಡೈಪರ್ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆಯೇ ಕೊಡಿ. ಒಡೆದ ಗಾಜು ರಟ್ಟಿನ ಡಬ್ಬದಲ್ಲಿ. ವಿಂಗಡಿಸುವ ಶೆಡ್ಡಿನಲ್ಲಿ ನಾವು ಮೂವರು ಹೆಂಗಸರು. ಕೈಗವಸು ಇದ್ದರೂ ಬಾಟಲಿ ಚೂರು ಒಳಗೆ ಹೋಗುತ್ತದೆ. ನನ್ನ ಬಲಗೈ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿದ್ದಿದೆ.

ಹೋಂಸ್ಟೇ ಮನೆ · ಶನಿವಾರ

ಗಾಡಿ ಅಕ್ಕ, ನಿಮ್ಮ ಹೆಬ್ಬೆರಳಿನ ಮಾತು ಓದಿ ನಮ್ಮ ಅತಿಥಿಗಳ ಬಿಯರ್ ಬಾಟಲಿ ನೆನಪಾಯಿತು. ಇವತ್ತಿನಿಂದ ಗಾಜಿಗೆ ಬೇರೆ ಕ್ರೇಟು ಇಟ್ಟಿದ್ದೇನೆ. ಕುಡಿಯುವ ನೀರಿಗೆ ಮೊದಲಿನಿಂದಲೂ ಸ್ಟೀಲ್ ಫಿಲ್ಟರ್, ಕೋಣೆಗೊಂದು ಗಾಜಿನ ಜಗ್ಗು ಇಟ್ಟಿದ್ದೇನೆ. ಹೊರಡುವಾಗ ಅವರ ಬಾಟಲಿಗೇ ತುಂಬಿಸಿ ಕಳಿಸುತ್ತೇನೆ. ಬೇಡ ಅಂದವರು ಇಲ್ಲ. ಘಾಟಿ ದಾರಿಯವರೇ, ಮಂಡಲಪಟ್ಟಿಗೆ ಹೋಗುವವರು ನಮ್ಮಂಥ ಮನೆಗಳಿಂದಲೇ ಹೊರಡುವುದು. ನಾವು ತುಂಬಿಸಿ ಕಳಿಸಿದಷ್ಟು ಬಾಟಲಿ ಅಲ್ಲಿ ಕಡಿಮೆ ಬೀಳುತ್ತದೆ.

ಘಾಟಿ ದಾರಿ · ಶನಿವಾರ

ಸರಿ, ಒಪ್ಪಿದೆ. ನಾನು ಜೀಪ್ ಓಡಿಸುತ್ತೇನೆ. ಹತ್ತು ಲೀಟರ್ ಕ್ಯಾನ್ ಒಂದನ್ನು ಗಾಡಿಯಲ್ಲಿ ಇಟ್ಟುಕೊಂಡು ನೋಡುತ್ತೇನೆ.

ನಾಪೋಕ್ಲು ಟೀಚರ್ · ಮಾರ್ಚ್

ಈಗಲೇ ನೆನಪಿಸುತ್ತಿದ್ದೇನೆ, ಜೂನ್‌ನಲ್ಲಿ ಹೇಳಿದರೆ ಪ್ರಯೋಜನ ಇಲ್ಲ. ಒಣ ಎಲೆ ತುಂಬಿಟ್ಟುಕೊಳ್ಳಿ. ಸಿಲ್ವರ್ ಓಕ್ ಎಲೆ, ಕಾಫಿ ಸಿಪ್ಪೆ, ಮರದ ಮಿಲ್ಲಿನ ಹೊಟ್ಟು, ಏನಾದರೂ ಸರಿ. ನಮ್ಮ ಮಳೆಗೆ ಗೊಬ್ಬರದ ಗುಂಡಿ ಯಾಕೆ ಕೊಳೆತು ನಾರುತ್ತದೆ ಅಂದರೆ ಒಣದ್ದು ಸಾಲುವುದಿಲ್ಲ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ಒಣ ಎಲೆ, ಮೇಲೆ ಮಾಡು, ತಳದಲ್ಲಿ ನೀರು ಬಸಿಯಲು ಕಲ್ಲು. ಹಿಡಿ ತೆಗೆದು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಮಾತ್ರ ತೇವ ಆಗಬೇಕು.

ತೋಡಿನ ದಡ · ಮೇ ಕೊನೆ

ಬಹಳ ದಿನ ಆಯಿತು ಬರೆಯದೆ. ಏನೇನಾಯಿತು ಅಂತ ಹೇಳುತ್ತೇನೆ.

ಮುಂಗಡದ ಬದಲು ಸಹಿ, ಇದು ಸಭೆಯಲ್ಲಿ ಸುಲಭವಾಗಿ ಪಾಸಾಗಲಿಲ್ಲ. ಇಬ್ಬರು ಹಿರಿಯರು ತಟ್ಟೆ ವಾಪಸ್ ಬರುವುದಿಲ್ಲ ಅಂದರು. ಒಂದು ಸಲ ಮಾಡಿ ನೋಡೋಣ ಅಂತ ಆಯಿತು. ಲೈನಿನ ಮದುವೆಗೆ 200 ತಟ್ಟೆ, 220 ಲೋಟ ಹೋಯಿತು. ನಾವು ಐದು ಜನ ಹೋಗಿದ್ದೆವು, ಅದರಲ್ಲಿ ಇಬ್ಬರು ಗಂಡಸರು. ಮೂರು ಬಾನಿ, ಬೂದಿ, ಬಿಸಿ ನೀರು. ಸಂಜೆ ಆರೂವರೆಗೆ ಮುಗಿಯಿತು. ತೊಳೆದ ತಟ್ಟೆಗಳನ್ನು ಕಣದಲ್ಲೇ ಸಾಲಾಗಿ ನಿಲ್ಲಿಸಿ ಒಣಗಿಸಿದೆವು, ಇಳಿ ಬಿಸಿಲಿಗೆ ಇಡೀ ಕಣ ಹೊಳೆಯುತ್ತಿತ್ತು. ಹಿರಿಯರಲ್ಲಿ ಒಬ್ಬರು ಮಾರನೆಯ ದಿನ ತಾವೇ ಬಂದು ಎಣಿಸಿದರು. ತಟ್ಟೆ 200 ಸರಿಯಾಗಿದೆ.

ಲೈನಿನ ಅರ್ಜಿ ಗ್ರಾಮಸಭೆಯ ಪುಸ್ತಕಕ್ಕೆ ಏರಿದೆ. ಗಾಡಿ ಇನ್ನೂ ಶುರುವಾಗಿಲ್ಲ. ಗೇಟಿನ ಪಕ್ಕ ಮಾಡು ಹಾಕಲು ತೋಟದವರು ಒಪ್ಪಿ ಎರಡು ಶೀಟ್ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಒಣ ಕಸದ ಚೀಲ ನಮ್ಮ ಮನೆ ಹತ್ತಿರದ ತಿರುವಿಗೆ ತಂದರೆ ನಮ್ಮ ಕಸದ ಜೊತೆ ಹೋಗುತ್ತದೆ.

ನಿನ್ನೆ ಮೋರಿ ಬಿಡಿಸಿದೆವು. ತಟ್ಟೆ ಎಂಟೋ ಹತ್ತೋ ಸಿಕ್ಕಿತು, ಹಳೆಯವು. ಬಾಟಲಿ ಮಾತ್ರ ಹೋದ ವರ್ಷದಷ್ಟೇ ಇತ್ತು, ಎರಡು ಗೋಣಿ ತುಂಬಿತು. ನಮ್ಮ ಊರಿನದ್ದಲ್ಲ, ಮೇಲಿನ ರಸ್ತೆಯಿಂದ ಬಿದ್ದದ್ದು. ಹೋಂಸ್ಟೇಯವರಂಥ ಇನ್ನೊಂದಿಷ್ಟು ಮನೆ ಆ ರಸ್ತೆಯಲ್ಲಿ ಬೇಕು. ಜೂನ್‌ನಲ್ಲಿ ಅಲ್ಲಿನ ನಾಲ್ಕು ಮನೆಗೆ ಹೋಗಿ ಮಾತಾಡುತ್ತೇವೆ.

ಆಮೇಲೆ, ಲೋಟದ ಲೆಕ್ಕ. 220 ಹೋಗಿತ್ತು, 221 ಬಂದಿದೆ. ಜಾಸ್ತಿ ಬಂದದ್ದರ ಮೇಲೆ ನಮ್ಮ ಊರಿನ ಹೆಸರಿಲ್ಲ. ಒಂದು ಹೂವಿನ ಚಿತ್ರ, ಕೆಳಗೆ 1996 ಅಂತ ಕೊರೆದಿದೆ. ಅಂಚು ಸ್ವಲ್ಪ ನೆಗ್ಗಿದೆ. ಯಾರದ್ದು ಅಂತ ಹೇಳಿ, ಬೇರೆ ತೆಗೆದಿಟ್ಟಿದ್ದೇನೆ.

ಲೈನ್ ಮನೆಯವನು · ಮೇ ಕೊನೆ

ಅಕ್ಕ, ಅದು ಅಮ್ಮನದ್ದು. ಮದುವೆಗೆ ತವರಿನಿಂದ ಕೊಟ್ಟದ್ದು. ಒಂದು ತಿಂಗಳಿಂದ ಹುಡುಕುತ್ತಿದ್ದರು. ಶನಿವಾರ ಬಂದು ತಗೊಳ್ಳುತ್ತೇನೆ. ಬರುವಾಗ ಒಂಬತ್ತು ಮನೆಯ ಚೀಲ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಿರುವಿನ ಹತ್ತಿರ ಇಳಿಸುತ್ತೇನೆ. ಉಳಿದ ಐದು ಮನೆಯವರದ್ದು ಇನ್ನೂ ಒಣಗಿಲ್ಲ.